ಬೆನ್ನ ಹಿಂದಿನ ‘ಖೋ’

ಖೋ ಖೋ ಆಡಿದವರಿಗೆ ಗೊತ್ತು. ಎಂಟು ಜನ ಸಾಲಾಗಿ ಕೂರುತ್ತೇವೆ, ಒಬ್ಬಳ ಮುಖ ಆ ಕಡೆ, ಪಕ್ಕದವಳದ್ದು ಈ ಕಡೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಬಂದು, ಹಿಂದಿನಿಂದ ಮುಟ್ಟಿ ‘ಖೋ’ ಅಂದ ಮೇಲೇ ಏಳಬೇಕು. ಮೊದಲೇ ಎದ್ದರೆ ಫೌಲ್. ನಮ್ಮ ಪಿ.ಟಿ. ಮೇಷ್ಟ್ರು ವಾರಗಟ್ಟಲೆ ಇದನ್ನೇ ಮಾಡಿಸುತ್ತಿದ್ದರು. ನನಗೋ ಡೈವ್ ಹೊಡೆಯುವ ಆಸೆ. ಸುಮ್ನೆ ಕೂತು ಏಳುವುದರಲ್ಲಿ ಏನಿದೆ ಅಂತ ಗೊಣಗುತ್ತಿದ್ದೆ.

ತಾಲ್ಲೂಕು ಮಟ್ಟದ ಮ್ಯಾಚ್ ದಿನ ಅವರು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿ ಕೇಳಿದರು, “ಯಾರಿಗಾದ್ರೂ ನೋವು ಗೀವು ಇದೆಯೇನವ್ವಾ?”

ಹಿಂದಿನ ದಿನ ಬಸ್ಸಿಳಿಯುವಾಗ ನನ್ನ ಕಾಲು ಉಳುಕಿತ್ತು. ಹೇಳಿದರೆ ಜಾಗ ಹೋಗುತ್ತದೆ. ಬಾಯಿ ಮುಚ್ಚಿಕೊಂಡಿದ್ದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕಂಬ ಸುತ್ತುವಾಗ ಅದೇ ಕಾಲು ಮತ್ತೆ ತಿರುಚಿತು. ಮ್ಯಾಚೂ ಹೋಯಿತು, ಮೂರು ವಾರ ನಡೆಯಲಿಕ್ಕೂ ಆಗಲಿಲ್ಲ.

ಮೇಷ್ಟ್ರು ಮನೆಗೆ ಬಂದರು. ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಅಮ್ಮ ಕೊಟ್ಟ ಕಾಫಿ ಕುಡಿದು ಅವರು ಅಂದಿದ್ದು ಇಷ್ಟು: “ಎಲ್ಲರ ಮುಂದೆ ಕೇಳಿದ್ದು ನನ್ನ ತಪ್ಪು ಕಣವ್ವ. ಹಂಗೆ ಕೇಳಿದ್ರೆ ಯಾರು ಹೇಳ್ತಾರೆ?” ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.

ಆಮೇಲೆ ಅವರು ಒಬ್ಬೊಬ್ಬರನ್ನೇ ಕೇಳತೊಡಗಿದರು. ಸುಣ್ಣದ ಗೆರೆ ಎಳೆಯುವಾಗ, ನೀರು ತುಂಬಿಸುವಾಗ, ಪಕ್ಕಕ್ಕೆ ಬಂದು ಮೆಲ್ಲಗೆ. ತಿಂಗಳ ಮುಟ್ಟಿನ ವಿಷಯ ತಮ್ಮ ಹತ್ತಿರ ಹೇಳಲಾಗದಿದ್ದರೆ ಹೇಳಿಕೊಳ್ಳಲಿ ಅಂತ ಒಬ್ಬ ಲೇಡಿ ಟೀಚರನ್ನು ಗೊತ್ತುಮಾಡಿದರು. ಆದರೂ ನಾವು ಬೇಗ ನಂಬಲಿಲ್ಲ. ಮೊದಲು ಬಾಯಿಬಿಟ್ಟವಳು ನಮ್ಮ ಒಳ್ಳೆಯ ರನ್ನರ್. ಅವಳನ್ನು ಎರಡು ಮ್ಯಾಚ್ ಆಡಿಸದೆ ಹೊರಗೆ ಕೂರಿಸಿದರು. ಮುಗಿಯಿತು ಇವಳ ಕತೆ ಅಂದುಕೊಂಡೆವು. ಮೂರನೆಯದಕ್ಕೆ ಅವಳ ಜಾಗವನ್ನು ಅವಳಿಗೇ ವಾಪಸ್ ಕೊಟ್ಟರು. ಅದನ್ನು ಕಣ್ಣಾರೆ ಕಂಡ ಮೇಲೇ ಉಳಿದವರೂ ಹೇಳಲು ಶುರುಮಾಡಿದ್ದು.

ಟೀಮಿನಿಂದ ಕೈಬಿಟ್ಟವರಿಗೂ ಹಾಗೇ. ಪಟ್ಟಿ ಬೋರ್ಡಿಗೆ ಅಂಟಿಸುವ ಮೊದಲು ತಾವೇ ಕರೆದು ಕಾರಣ ಹೇಳುತ್ತಿದ್ದರು. ನಾನೂ ಒಮ್ಮೆ ಹಾಗೆ ಕೈಬಿಡಿಸಿಕೊಂಡೆ. ಕಾರಣ ಸರಿಯಾಗಿಯೇ ಇತ್ತು, ಆದರೂ ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ!

ಮುಂದೆ ನನಗೆ ಸಿಕ್ಕ ಇನ್ನೊಬ್ಬ ಕೋಚ್, ನೋವು ಅಂದರೆ ಎರಡು ರೌಂಡ್ ಜಾಸ್ತಿ ಓಡಿಸುತ್ತಿದ್ದರು. ಅವರ ಟೀಮಿನಲ್ಲಿ ಯಾರಿಗೂ ನೋವೇ ಇರಲಿಲ್ಲ!

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ಮೊದಲ ವಿಶ್ವಕಪ್ ನಡೆಯಿತಲ್ಲ. ನಮ್ಮ ಹುಡುಗಿಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಆ ತಂಡದಲ್ಲಿದ್ದರು. ಖುಷಿ ತಡೆಯದೆ ಮೇಷ್ಟ್ರಿಗೆ ಫೋನ್ ಮಾಡಿದೆ. ಮ್ಯಾಟ್ ಮೇಲೆ ಆಡಿದರೆ ಮಂಡಿ ತರಚಲ್ಲ ಅಲ್ವಾ ಅಂತ ಅವರು ಬಹಳ ಹೊತ್ತು ಅದನ್ನೇ ಮಾತಾಡಿದರು. ಆಮೇಲೆ ಕೇಳಿದರು, “ಕಾಲು ಹೆಂಗಿದೆಯವ್ವ?”

“ಸಾರ್, ಸ್ಪೀಕರ್ ಆನ್ ಇದೆ. ಮನೆಯವರೆಲ್ಲ ಕೇಳಿಸ್ಕೊತಿದ್ದಾರೆ,” ಅಂತ ನಕ್ಕೆ.

“ಹಂಗಾದ್ರೆ ಬೇಡ, ಆಮೇಲೆ ಕೇಳ್ತೀನಿ,” ಅಂದರು.