72 ಗಂಟೆ 13 ನಿಮಿಷ

ಸಂಸ್ಥೆಯ ಹೆಸರು ಬೇಡ. ಶಿವಮೊಗ್ಗದಲ್ಲಿ ಮುಖ್ಯ ಕಚೇರಿ, ಘಟ್ಟದ ಕಡೆಗೆ ಕೆಲವು ಶಾಖೆಗಳು. ಗೊಬ್ಬರ, ಮೈಲುತುತ್ತ, ಸುಣ್ಣ, ದೋಟಿ, ಪಂಪು ಮಾರುವ ವ್ಯವಹಾರ. ಅಲ್ಲಿನ ಕಂಪ್ಯೂಟರ್‌ಗಳೆಲ್ಲ ನನ್ನ ಸುಪರ್ದಿನಲ್ಲಿವೆ. ಯಾವ ಯಂತ್ರ ಎಲ್ಲಿದೆ, ಅದರಲ್ಲಿ ಯಾವ ಸಾಫ್ಟ್‌ವೇರ್ ಇದೆ, ಡಿಸ್ಕ್ ಎಷ್ಟು ತುಂಬಿದೆ ಎಂದು ತಿಳಿಯಲು ನೆಟ್‌ವರ್ಕ್ ಇನ್ವೆಂಟರಿ ಸಾಫ್ಟ್‌ವೇರ್ ಹಾಕಿದ್ದೆವು. ದಿನವೂ ಮಧ್ಯಾಹ್ನ ಒಂದು ಗಂಟೆಗೆ ಅದು ಎಲ್ಲ ಶಾಖೆಗಳ ಬಾಗಿಲು ತಟ್ಟಿ ಬರುತ್ತದೆ. ಬರುವಾಗ ಯಾರು ಯಾವಾಗ ಲಾಗಿನ್ ಆದರು ಎಂಬುದನ್ನೂ ತರುತ್ತದೆ. ಅದನ್ನು ನಾವು ಕೇಳಿರಲಿಲ್ಲ, ಸುಮ್ಮನೆ ಜೊತೆಗೆ ಬಂದಿತ್ತು.

ಕಳೆದ ಮಳೆಗಾಲದಲ್ಲಿ ವ್ಯವಸ್ಥಾಪಕರಿಗೆ ಆ ಕಡೆ ಕಣ್ಣು ಬಿತ್ತು. "ಯಾರು ಎಷ್ಟು ಹೊತ್ತು ಕಂಪ್ಯೂಟರಿನ ಮುಂದೆ ಇರುತ್ತಾರೆ, ಒಂದು ಪಟ್ಟಿ ಕೊಡಿ" ಎಂದರು. ಗುಂಡಿ ಒತ್ತಿದೆ, ಪಟ್ಟಿ ಬಂತು, ತೆರೆದೂ ನೋಡದೆ ಕಳುಹಿಸಿದೆ. ಅದರಲ್ಲಿ ಡಿಡಬ್ಲ್ಯೂಎಂ-1 ಎಂಬ ಹೆಸರು ಎಲ್ಲ ಶಾಖೆಗಳಲ್ಲೂ ದುಡಿಯುತ್ತಿತ್ತು. "ಇದು ಯಾವ ನೌಕರ?" ಎಂದು ಅವರು ಕೇಳಿದಾಗ, ಪರದೆಯ ಮೇಲೆ ಕಿಟಕಿಗಳನ್ನು ಬಿಡಿಸಲು ವಿಂಡೋಸ್ ತನಗೆ ತಾನೇ ಮಾಡಿಕೊಳ್ಳುವ ಖಾತೆ ಅದು ಎಂದು ಹೇಳಿ ನಕ್ಕೆವು. ಆ ನಗುವಿನಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ತೀರ್ಥಹಳ್ಳಿ ಕಡೆಯ ಶಾಖೆಯ ಸಾಲಿನಲ್ಲಿ ಲೆಕ್ಕ ಬರೆಯುವ ಹಿರಿಯ ಮಹಿಳೆಯ ಹೆಸರಿತ್ತು. ಶುಕ್ರವಾರ ಬೆಳಿಗ್ಗೆ 9.52ರಿಂದ ಸೋಮವಾರ 10.05ರವರೆಗೆ ಒಂದೇ ಸೆಷನ್, ಅಂದರೆ ಒಮ್ಮೆ ಲಾಗಿನ್ ಆದವರು ನಡುವೆ ಹೊರಬಂದೇ ಇಲ್ಲ. ನಡುವೆ ನಾಲ್ಕನೇ ಶನಿವಾರ, ಭಾನುವಾರ. ಪಾಸ್‌ವರ್ಡ್ ಯಾರಿಗೋ ಕೊಟ್ಟು ರಜೆಯಲ್ಲಿ ಬಿಲ್ ತಿದ್ದಿಸಿದ್ದಾರೆ ಎಂದು ವ್ಯವಸ್ಥಾಪಕರು ತೀರ್ಮಾನಿಸಿದರು. ನನ್ನನ್ನು ಒಂದು ಮಾತೂ ಕೇಳದೆ ಸಮಜಾಯಿಷಿ ಕೇಳಿ ಪತ್ರ ಹೋಯಿತು. ಪತ್ರಕ್ಕೆ ಲಗತ್ತು ನನ್ನ ಪಟ್ಟಿ.

ಲೆಕ್ಕ ಬರೆಯುವ ಆ ಅಕ್ಕ ನನಗೇ ಫೋನ್ ಮಾಡಿದರು. "ತಮ್ಮ, ನಾನು ಮೂರು ದಿನ ಅಂಗಡಿಯಲ್ಲೇ ಮಲಗಿದ್ದೆನಂತೆ. ಹೌದೇನಪ್ಪ?"

ಫೋನಿನಲ್ಲಿ ಮುಗಿಸುವ ಮಾತಲ್ಲ ಎನ್ನಿಸಿತು. ಮರುದಿನ ಬಸ್ ಹತ್ತಿದೆ. ಗಾಜನೂರು ದಾಟುವಾಗಲೇ ಮಳೆ ಹಿಡಿದಿತ್ತು, ಮಂಡಗದ್ದೆಯಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು.

ಅಕ್ಕನ ಕುರ್ಚಿಯಲ್ಲಿ ಕುಳಿತು, ವಿಂಡೋಸ್ ಬರೆದಿಡುವ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ಲಾಗಿನ್ ಆದಾಗಲೆಲ್ಲ ವಿಂಡೋಸ್ 4624 ಸಂಖ್ಯೆಯ ದಾಖಲೆ ಬರೆಯುತ್ತದೆ, ಹೊರಬಂದಾಗ 4634 ಅಥವಾ 4647. ಆದರೆ 4624 ಎಂದರೆ ಮನುಷ್ಯ ಬಂದು ಕುಳಿತ ಎಂದಷ್ಟೇ ಅಲ್ಲ. ಕೀಲಿಮಣೆಯ ಮುಂದೆ ಕುಳಿತು ಲಾಗಿನ್ ಆದರೆ ವಿಧ 2, ನೆಟ್‌ವರ್ಕ್ ಮೂಲಕ ಬಂದರೆ 3, ಹಿನ್ನೆಲೆಯ ಸೇವೆಗಳಿಗೆ 5, ಬೀಗ ಹಾಕಿದ ಪರದೆ ತೆರೆದರೆ 7. ಮಧ್ಯಾಹ್ನ ಒಂದು ಗಂಟೆಯ ವಿಧ 3ರ ದಾಖಲೆಗಳು ನಮ್ಮ ಇನ್ವೆಂಟರಿ ಸಾಫ್ಟ್‌ವೇರಿನದೇ ಹೆಜ್ಜೆ ಗುರುತುಗಳು. ಲೆಕ್ಕ ಹಿಡಿಯಲು ಬಂದವನೇ ಹಾಜರಿ ಪುಸ್ತಕದಲ್ಲಿ ದಿನವೂ ಸಹಿ ಹಾಕಿ ಹೋಗುತ್ತಿದ್ದ.

ಶುಕ್ರವಾರದ 9.52ಕ್ಕೆ ವಿಧ 2ರ ದಾಖಲೆ ಸಿಕ್ಕಿತು. ಪ್ರತಿ ಸೆಷನ್‌ಗೂ ಒಂದು ಲಾಗಿನ್ ಗುರುತು ಇರುತ್ತದೆ; ಅದೇ ಗುರುತಿನ 4634 ಇದೆಯೇ ಎಂದು ಹುಡುಕಿದೆ. ಇಲ್ಲ. ಸಿಸ್ಟಂ ಲಾಗ್‌ನಲ್ಲಿ ಸೋಮವಾರ ಯಂತ್ರ ಚಾಲೂ ಆದ ಹೊತ್ತಿಗೆ 6008 ಇತ್ತು: ಶುಕ್ರವಾರ ಸಂಜೆ 4.38ಕ್ಕೆ ಯಂತ್ರ ಅನಿರೀಕ್ಷಿತವಾಗಿ ನಿಂತಿತ್ತು ಎಂಬ ತಡವಾದ ವರದಿ. ಕರೆಂಟು ಹೋಗಿ ಯಂತ್ರ ಸತ್ತರೆ ಹೊರಬಂದದ್ದನ್ನು ಬರೆಯಲು ಯಾರೂ ಉಳಿದಿರುವುದಿಲ್ಲ. ಸಾಫ್ಟ್‌ವೇರ್ ಮುಚ್ಚದ ಸೆಷನ್ ಕಂಡು, ಅದೇ ಹೆಸರಿನ ಮುಂದಿನ ಲಾಗಿನ್‌ವರೆಗೆ ಎಳೆದು ಜೋಡಿಸಿತ್ತು. 72 ಗಂಟೆ 13 ನಿಮಿಷ ಹುಟ್ಟಿದ್ದು ಹಾಗೆ.

ಅಕ್ಕ ಏನೂ ಹೇಳದೆ ರಸೀದಿ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಶುಕ್ರವಾರದ ಸಂಜೆ ಲೈನಿನ ಮೇಲೆ ಮರ ಬಿದ್ದಿತ್ತು. ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಹೊಡೆಯುವ ಔಷಧಿಯ ಎರಡನೇ ಸಿಂಪರಣೆಗೆ ಜನ ಸಾಲಾಗಿ ನಿಂತಿದ್ದರು. ಯುಪಿಎಸ್ ಕೂಗಿ ಕೂಗಿ ಸುಮ್ಮನಾದ ಮೇಲೆ ಅವರು ಪೆನ್ನಿನಲ್ಲಿ ಏಳು ರಸೀದಿ ಬರೆದಿದ್ದರು. ಎಲ್ಲದರಲ್ಲೂ ಮೈಲುತುತ್ತ, ಕಿಲೋ ಲೆಕ್ಕದಲ್ಲಿ. ಎರಡು ಹಾಳೆಗಳ ಅಂಚಿನಲ್ಲಿ ಒದ್ದೆ ಬೆರಳಿನ ತಿಳಿನೀಲಿ ಗುರುತು ಹಾಗೇ ಒಣಗಿತ್ತು. ಆಮೇಲೆ ಬಾಗಿಲು ಹಾಕಿ 5.40ರ ಬಸ್ ಹಿಡಿದಿದ್ದರು.

ನನಗೆ ಇವತ್ತಿಗೂ ಮುಜುಗರ ತರುವುದು ಬೇರೆ ಸಂಗತಿ. ಶನಿವಾರ ಮತ್ತು ಭಾನುವಾರ ಆ ಯಂತ್ರಕ್ಕೆ ಸಂಪರ್ಕ ಸಿಗಲಿಲ್ಲ ಎಂದು ಅದೇ ಸಾಫ್ಟ್‌ವೇರ್ ಬೇರೆ ಪುಟದಲ್ಲಿ ಬರೆದಿಟ್ಟಿತ್ತು. ಆರಿಹೋದ ಕಂಪ್ಯೂಟರಿನಲ್ಲಿ ಯಾರು ಬಿಲ್ ತಿದ್ದುತ್ತಾರೆ? ಆ ಪುಟ ನೋಡಲು ತೀರ್ಥಹಳ್ಳಿಗೆ ಹೋಗಬೇಕಿರಲಿಲ್ಲ, ನನ್ನ ಮೇಜಿನಿಂದ ಏಳಬೇಕಾಗಿಯೂ ಇರಲಿಲ್ಲ.

ಈಗ 4624ರ ಜೊತೆ 6006 ಮತ್ತು 6008ನ್ನೂ ತರಿಸುತ್ತೇನೆ. ಮೊದಲನೆಯದು ಸರಿಯಾಗಿ ಆರಿಸಿದ್ದಕ್ಕೆ, ಎರಡನೆಯದು ಹಠಾತ್ತನೆ ನಿಂತದ್ದಕ್ಕೆ. ಸೆಷನ್ನಿನ ಕೊನೆ ಯಾವುದು ಮೊದಲು ಸಿಗುತ್ತದೆಯೋ ಅಲ್ಲಿಗೆ. ವಿಧ 3 ಮತ್ತು 5 ಪಟ್ಟಿಗೇ ಬರುವುದಿಲ್ಲ. ಲಾಗಿನ್ ದಾಖಲೆಗಳು ಸೇರುವ ಸೆಕ್ಯುರಿಟಿ ಲಾಗ್ ಮಾಮೂಲಾಗಿ 20 ಎಂಬಿ ಮಾತ್ರ. ತುಂಬಿದ ಮೇಲೆ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ, ಅದನ್ನು ಹಿಗ್ಗಿಸಿದ್ದೇನೆ. ಇಷ್ಟಾದರೂ ಒಂದೇ ಖಾತೆಯಲ್ಲಿ ಮೂವರು ಕೆಲಸ ಮಾಡುವ ಕೌಂಟರ್‌ಗಳ ಬಗ್ಗೆ ಈ ಪಟ್ಟಿ ಏನೂ ಹೇಳಲಾರದು. ಕೆಲಸದ ಹೊತ್ತು ಅಳೆಯಲು ಇದನ್ನು ಬಳಸಬಾರದು ಎಂದು ಪಟ್ಟಿಯ ತಲೆಯ ಮೇಲೇ ಬರೆದು ಕಳುಹಿಸುತ್ತೇನೆ. ವ್ಯವಸ್ಥಾಪಕರಿಗೆ ಆ ಸಾಲು ಅಷ್ಟು ಇಷ್ಟವಿಲ್ಲ.

ಯುಪಿಎಸ್ ಬ್ಯಾಟರಿ ಹೋಗಿದೆ ಎಂದು ಅಕ್ಕ ಮೇ ತಿಂಗಳಲ್ಲೇ ನನಗೆ ಎರಡು ಸಲ ಹೇಳಿದ್ದರಂತೆ. ಯುಪಿಎಸ್ ನೆಟ್‌ವರ್ಕಿನಲ್ಲಿ ಇಲ್ಲ, ಹಾಗಾಗಿ ಇನ್ವೆಂಟರಿಯಲ್ಲೂ ಇಲ್ಲ, ನನ್ನ ತಲೆಯಲ್ಲೂ ಉಳಿಯಲಿಲ್ಲ. ಹೊಸ ಬ್ಯಾಟರಿ ಹಾಕಿಸಿದೆ.

"ವಿಷಯ ಮುಗಿಯಿತು ಬಿಡಿ" ಎಂದು ವ್ಯವಸ್ಥಾಪಕರು ಬಾಯಿಮಾತಿನಲ್ಲಿ ಹೇಳಿದರು. ಕೇಳಿದ್ದು ಬರವಣಿಗೆಯಲ್ಲಾದರೆ ಹಿಂಪಡೆಯುವುದೂ ಬರವಣಿಗೆಯಲ್ಲೇ ಆಗಲಿ ಎಂದು ನಾನು ಪಟ್ಟು ಹಿಡಿದೆ. ಒಂಬತ್ತು ದಿನವಾಯಿತು. ಪತ್ರ ಕೈಸೇರಿದಾಗ ಅಕ್ಕ ಅದನ್ನು ನಾಲ್ಕಾಗಿ ಮಡಿಸಿ, ಆ ನೀಲಿ ಗುರುತಿನ ರಸೀದಿ ಪುಸ್ತಕದೊಳಗೆ ಇಟ್ಟುಕೊಂಡರು.