ಕಾರಟಗಿಯ ಗಿರಣಿಯಲ್ಲಿ ವಿಂಡೋಸ್ ಬದಲಾಯಿಸಿದ ದಿನ

2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ದಿನ ಯಾವ ಕಂಪ್ಯೂಟರೂ ನಿಲ್ಲಲಿಲ್ಲ. ಅದಕ್ಕೇ ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲುಗಳಲ್ಲಿ ಬಹಳ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಲೆಕ್ಕಪತ್ರದ ಟ್ಯಾಲಿ ತೆರೆಯುತ್ತದೆ, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಬರುತ್ತದೆ, ಕಾಟಾದ (ಗಾಡಿ ತೂಗುವ ವೇಬ್ರಿಜ್ಜಿನ) ಚೀಟಿ ಪ್ರಿಂಟ್ ಆಗುತ್ತದೆ, ಮತ್ತೇನು ಬೇಕು ಎನ್ನುತ್ತಾರೆ. ಬ್ಯಾಂಕಿನ ಆರ್‌ಟಿಜಿಎಸ್ ಹೋಗುವುದೂ ಅದೇ ಕಂಪ್ಯೂಟರಿನಿಂದಲೇ. ಹೊಸದಾಗಿ ಪತ್ತೆಯಾದ ಸುರಕ್ಷತೆಯ ತೂತಿಗೆ ಪ್ಯಾಚ್ (ಅದನ್ನು ಮುಚ್ಚುವ ಅಪ್‌ಡೇಟ್) ಬಾರದ ಯಂತ್ರದಲ್ಲಿ ಲಕ್ಷಗಟ್ಟಲೆ ಹಣ ದಾಟಿಸುವುದು ನನಗೆ ಒಪ್ಪಿಗೆಯಾಗದ ಮಾತು.

ದೀಪಾವಳಿ ಮುಗಿದು ಹೊಸ ಭತ್ತದ ಲೋಡು ಶುರುವಾಗುವ ನಡುವಿನ ಬಿಡುವಿನಲ್ಲಿ ಕಾರಟಗಿಯ ಒಂದು ಮಿಲ್ಲಿನಲ್ಲಿ ಕಂಪ್ಯೂಟರುಗಳನ್ನು ವಿಂಡೋಸ್ 11ಕ್ಕೆ ದಾಟಿಸುವ ಕೆಲಸ ಹಿಡಿದೆವು. ದಿನ ಗೊತ್ತುಮಾಡುವಾಗ ಮೊದಲು ನೋಡಬೇಕಾದದ್ದು ಜಿಎಸ್‌ಟಿ. ತಿಂಗಳ 11 ಮತ್ತು 20ರ ಆಸುಪಾಸು, ರಿಟರ್ನ್ ಹಾಕುವ ಹೊತ್ತಿನಲ್ಲಿ, ಟ್ಯಾಲಿ ಇರುವ ಯಂತ್ರವನ್ನು ಮುಟ್ಟಬಾರದು. ಆಮೇಲೆ ಕರೆಂಟು. ಮಿಲ್ಲಿನ ದೊಡ್ಡ ಮೋಟಾರು ಸ್ಟಾರ್ಟ್ ಆದಾಗ ವೋಲ್ಟೇಜ್ ಕುಸಿಯುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಅಷ್ಟಕ್ಕೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಡಿಸ್ಕಿನ ಬೂಟ್ ಭಾಗ (ಕಂಪ್ಯೂಟರನ್ನು ಎಬ್ಬಿಸುವ ಭಾಗ) ಬದಲಾಗುತ್ತಿರುವಾಗ ಹಾಗಾದರೆ ಇಡೀ ಡಿಸ್ಕ್ ಏಳದೆ ಹೋಗಬಹುದು. ಆದ್ದರಿಂದ ಮಿಲ್ ನಿಂತ ದಿನವನ್ನೇ ಆರಿಸಿಕೊಂಡು, ಯುಪಿಎಸ್ ಪ್ಲಗ್ ಕಿತ್ತು ಲೋಡ್ ಮೇಲೆ ಹದಿನೈದು ನಿಮಿಷ ತಡೆಯುತ್ತದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಿದೆವು.

ಅಲ್ಲಿದ್ದದ್ದು ಮೂರು ಯಂತ್ರ. ಟ್ಯಾಲಿ ಡೇಟಾ ಇರುವ ಮುಖ್ಯ ಕಂಪ್ಯೂಟರ್ ಇಂಟೆಲ್ 8ನೇ ಜನರೇಷನ್ನಿನ ಐ5. ಗುಮಾಸ್ತರ ಹತ್ತಿರ ವಿಂಡೋಸ್ 11ರ 24ಎಚ್2 ಆವೃತ್ತಿ ಸಮೇತವೇ ಬಂದ ಹೊಸ ಲ್ಯಾಪ್‌ಟಾಪ್. ಕಾಟಾ ರೂಮಿನಲ್ಲಿ 4ನೇ ಜನರೇಷನ್ನಿನ, 4 ಜಿಬಿ ರ‍್ಯಾಮಿನ, 32 ಬಿಟ್ ವಿಂಡೋಸ್ 10 ಇರುವ ಹಳೆಯ ಡಬ್ಬ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಭಾಗ), ಯುಇಎಫ್‌ಐ (ಕಂಪ್ಯೂಟರನ್ನು ಎಬ್ಬಿಸುವ ಹೊಸ ರೀತಿ), ಸೆಕ್ಯೂರ್ ಬೂಟ್ (ನಂಬಿಕಸ್ತ ಸಾಫ್ಟ್‌ವೇರಿನಿಂದ ಮಾತ್ರ ಏಳುವ ರಕ್ಷಣೆ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಕೆಲವೇ ಅಪವಾದ ಬಿಟ್ಟು 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದಿರಬೇಕು. ಮೇಲಾಗಿ ಅದು 64 ಬಿಟ್‌ನಲ್ಲಿ ಮಾತ್ರ ಸಿಗುತ್ತದೆ. ಟಿಪಿಎಂ ತಪಾಸಣೆಯನ್ನೇ ಹಾರಿಸಿ ಹಳೆಯ ಡಬ್ಬಕ್ಕೂ ಹಾಕಿಕೊಡುವವರಿದ್ದಾರೆ. ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟುಗಳ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಪ್‌ಡೇಟಿಗಾಗಿಯೇ ಮಾಡುವ ಕೆಲಸದಲ್ಲಿ ಅಪ್‌ಡೇಟಿನ ಖಾತರಿಯೇ ಇಲ್ಲದ ದಾರಿ ಯಾಕೆ ಬೇಕು?

ದುಡ್ಡು ಕೊಟ್ಟು ವಿಂಡೋಸ್ 10ರ ಆಯಸ್ಸು ಹೆಚ್ಚಿಸಿಕೊಳ್ಳುವ ಇಎಸ್‌ಯು ಯೋಜನೆಯೂ ಇದೆ. ಮನೆಬಳಕೆಯ ಕಂಪ್ಯೂಟರಿಗೆ ಅದು 2026ರ ಅಕ್ಟೋಬರ್ 13ರವರೆಗೆ. 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಅಕೌಂಟ್ ಇರಬೇಕು, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಬಿಟ್ಟಿಯಾಗಿಯೂ ಸಿಗುತ್ತದೆ. ವ್ಯವಹಾರದ ಕಂಪ್ಯೂಟರಿಗೆ ಲೆಕ್ಕ ಬೇರೆ. ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ ಅದರ ದುಪ್ಪಟ್ಟು, ಮೂರನೇ ವರ್ಷ ಮತ್ತೆ ದುಪ್ಪಟ್ಟು. ಮೂರೂ ಸೇರಿದರೆ 427 ಡಾಲರ್. ತಡವಾಗಿ ಸೇರಿದರೂ ಹಿಂದಿನ ವರ್ಷದ್ದನ್ನು ಕಟ್ಟಲೇಬೇಕು. 4ನೇ ಜನರೇಷನ್ ಡಬ್ಬದ ಮೇಲೆ ಅಷ್ಟು ಸುರಿಯುವ ಬದಲು ಸೆಕೆಂಡ್‌ಹ್ಯಾಂಡಿನ 8ನೇ ಜನರೇಷನ್ ಸಣ್ಣ ಪಿಸಿ ತರುವುದು ಮೇಲೆಂದು ಮಿಲ್ಲಿನ ಸಾವ್ಕಾರ್ರಿಗೆ ಹೇಳಿದೆವು, ಅವರೂ ಒಪ್ಪಿದರು.

ಮುಖ್ಯ ಕಂಪ್ಯೂಟರಿನಿಂದ ಶುರು ಮಾಡಿದೆವು. ಟ್ಯಾಲಿಯ ಡೇಟಾ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಹಿಂದಿನ ದಿನದ ಕೊನೆಯ ವೋಚರ್ ಕಾಣುತ್ತದೆಯೇ ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ. ಅದಾದ ಮೇಲೆ ಟ್ಯಾಲಿಯ ಲೈಸೆನ್ಸನ್ನು ಸರೆಂಡರ್ ಮಾಡಬೇಕು. ಲೈಸೆನ್ಸ್ ಆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ; ಸರೆಂಡರ್ ಮಾಡದೆ ಡಿಸ್ಕ್ ಬದಲಿಸಿದರೆ ಸಂಜೆ ಟ್ಯಾಲಿ ಎಜುಕೇಷನಲ್ ಮೋಡಿನಲ್ಲಿ ತೆರೆದುಕೊಂಡು, ಬಿಲ್ ಹಾಕಲಾಗದೆ ಕೂರಬೇಕಾಗುತ್ತದೆ.

ಹಳೆಯ ಹಾರ್ಡ್‌ಡಿಸ್ಕ್ ಮೇಲೆಯೇ ಅಪ್‌ಗ್ರೇಡ್ ಕೊಟ್ಟರೆ ಅರ್ಧ ದಿನ ಅದಕ್ಕೇ ಹೋಗುತ್ತದೆ. ಆದ್ದರಿಂದ ಮೊದಲು 256 ಜಿಬಿಯ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆವು. ಆಮೇಲೆ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು ಹಳೆಯ ಎಂಬಿಆರ್ ಮಾದರಿಯಿಂದ ಯುಇಎಫ್‌ಐಗೆ ಬೇಕಾದ ಜಿಪಿಟಿ ಮಾದರಿಗೆ ತಿರುಗಿಸುವ ಕೆಲಸ. ಇದಕ್ಕೆ ವಿಂಡೋಸಿನಲ್ಲೇ ಎಂಬಿಆರ್2ಜಿಪಿಟಿ ಎಂಬ ಕಮಾಂಡ್ ಇದೆ. ನೇರವಾಗಿ ಕನ್ವರ್ಟ್ ಕೊಡದೆ ಮೊದಲು ವ್ಯಾಲಿಡೇಟ್ (ಬರೀ ತಪಾಸಣೆ) ಕೊಡಬೇಕು. ನಮ್ಮ ಕಡೆ ಅಸೆಂಬಲ್ ಮಾಡಿದ ಕಂಪ್ಯೂಟರುಗಳಲ್ಲಿ ಅದು ಫೇಲ್ ಆಗುವುದೇ ಹೆಚ್ಚು, ಕಾರಣವೂ ಹೆಚ್ಚಾಗಿ ಒಂದೇ: ಡಿ, ಇ ಡ್ರೈವ್ ಎಂದು ಎಕ್ಸ್‌ಟೆಂಡೆಡ್ ಪಾರ್ಟಿಷನ್ ಒಳಗೆ ಲಾಜಿಕಲ್ ಡ್ರೈವ್ ಮಾಡಿರುತ್ತಾರೆ. ಆ ಕಮಾಂಡಿಗೆ ಪ್ರೈಮರಿ ಪಾರ್ಟಿಷನ್ ಮೂರರ ಒಳಗಿರಬೇಕು, ಎಕ್ಸ್‌ಟೆಂಡೆಡ್ ಇರಲೇಬಾರದು. ಡಿ, ಇ ಡ್ರೈವಿನ ಡೇಟಾ ಹೊರಗೆ ತೆಗೆದು, ಆ ಪಾರ್ಟಿಷನ್ ಅಳಿಸಿ, ಮತ್ತೆ ವ್ಯಾಲಿಡೇಟ್ ಕೊಟ್ಟಾಗ ಪಾಸಾಯಿತು. ಕನ್ವರ್ಟ್ ಆದ ಮೇಲೆ ಬಯಾಸಿಗೆ (ಬೋರ್ಡಿನ ಮೂಲ ಸೆಟ್ಟಿಂಗಿಗೆ) ಹೋಗಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಎಬ್ಬಿಸುವ ಆಯ್ಕೆ) ಆಫ್ ಮಾಡಿ, ಬೂಟ್ ಮೋಡ್ ಯುಇಎಫ್‌ಐ ಮಾಡದಿದ್ದರೆ ಆ ಡಿಸ್ಕಿನಿಂದ ವಿಂಡೋಸ್ ಏಳುವುದಿಲ್ಲ. ಟಿಪಿಎಂ ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಎಂಬ ಹೆಸರಿನಲ್ಲಿ, ಎಎಮ್‌ಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಇರುತ್ತದೆ. "ಈ ಕಂಪ್ಯೂಟರಿಗೆ ವಿಂಡೋಸ್ 11 ಬರಲ್ಲ" ಎಂದು ಅಂಗಡಿಯವರು ಹೇಳಿ ಕಳಿಸಿದ ಎಷ್ಟೋ ಯಂತ್ರಗಳಲ್ಲಿ ಅದು ಬರೀ ಆಫ್ ಆಗಿರುತ್ತದೆ.

ಇಲ್ಲಿಯೇ ಬೋರ್ಡಿನ ಮೇಲಿನ ಸಿಆರ್2032 ಸೆಲ್ ಬದಲಿಸಿಬಿಡಬೇಕು. ಸೆಲ್ ಸತ್ತಿದ್ದರೆ, ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋದ ಮರುದಿನ ಬಯಾಸ್ ತನ್ನ ಹಳೆಯ ಸೆಟ್ಟಿಂಗಿಗೆ ಮರಳುತ್ತದೆ. ಬಹಳ ಬೋರ್ಡುಗಳಲ್ಲಿ ಆ ಸೆಟ್ಟಿಂಗ್ ಎಂದರೆ ಸಿಎಸ್‌ಎಂ ಆನ್, ಪಿಟಿಟಿ ಆಫ್. ಮುಂಜಾನೆ ಕಂಪ್ಯೂಟರ್ ಎದ್ದೇಳುವುದಿಲ್ಲ, ವಿಂಡೋಸ್ 11 ಕೆಟ್ಟಿತೆಂದು ಬೈಸಿಕೊಳ್ಳುವುದೊಂದು ಬಾಕಿ. ಕ್ಯಾಬಿನೆಟ್ ಬಿಚ್ಚಿದಾಗಲೇ ಫ್ಯಾನಿಗೆ ಮೆತ್ತಿದ ತೌಡಿನ ಧೂಳನ್ನೂ ಬ್ಲೋಯರಿನಿಂದ ಊದಿದೆವು. ಇಷ್ಟೆಲ್ಲ ಆದ ಮೇಲೆ ವಿಂಡೋಸ್ 11ರ 25ಎಚ್2 ಆವೃತ್ತಿಗೆ ಅಪ್‌ಗ್ರೇಡ್ ಆದದ್ದು ದಿನದ ಅತ್ಯಂತ ಸಲೀಸಾದ ಕೆಲಸ. ಅಸಲಿ ವಿಂಡೋಸ್ 10 ಲೈಸೆನ್ಸ್ ಇದ್ದರೆ ಇದಕ್ಕೆ ಬೇರೆ ದುಡ್ಡಿಲ್ಲ.

ಗುಮಾಸ್ತರ ಲ್ಯಾಪ್‌ಟಾಪಿನ ತಕರಾರು ಬೇರೆ ಇತ್ತು. ಮುಖ್ಯ ಕಂಪ್ಯೂಟರಿನ ಟ್ಯಾಲಿ ಫೋಲ್ಡರ್ ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ಶೇರ್ ಆಗಿತ್ತು. 24ಎಚ್2 ಪ್ರೊ ಆವೃತ್ತಿಯಿಂದ ಈಚೆಗೆ ವಿಂಡೋಸ್ ಹೀಗೆ ಗೆಸ್ಟ್ ಆಗಿ ಒಳಗೆ ಹೋಗಲು ಬಿಡುವುದಿಲ್ಲ, ಎಸ್‌ಎಂಬಿ ಸೈನಿಂಗ್ (ಶೇರ್ ಫೋಲ್ಡರಿನ ಡೇಟಾ ದಾರಿಯಲ್ಲಿ ಬದಲಾಗಿಲ್ಲವೆಂದು ಖಚಿತಪಡಿಸುವ ಸಹಿ) ಕೂಡ ಕಡ್ಡಾಯ. ಹೊಸ ಲ್ಯಾಪ್‌ಟಾಪ್ ತಂದ ಮೇಲೆ ಶೇರ್ ತೆರೆಯುತ್ತಿಲ್ಲವೆಂದು ಯಾರೋ ಈ ಎರಡೂ ರಕ್ಷಣೆಯನ್ನು ಆಫ್ ಮಾಡಿಕೊಟ್ಟಿದ್ದರು. ಅವೆರಡನ್ನೂ ಮತ್ತೆ ಆನ್ ಮಾಡಿ, ಮುಖ್ಯ ಕಂಪ್ಯೂಟರಿನಲ್ಲಿ ಟ್ಯಾಲಿಗೆಂದೇ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ, ಫೋಲ್ಡರನ್ನು ಆ ಯೂಸರಿಗೆ ಮಾತ್ರ ಶೇರ್ ಕೊಟ್ಟು, ಲ್ಯಾಪ್‌ಟಾಪಿನ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಅದೇ ಹೆಸರು, ಪಾಸ್‌ವರ್ಡ್ ಸೇರಿಸಿದರೆ ಐದು ನಿಮಿಷದ ಕೆಲಸ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹೊಕ್ಕರೆ ಮೊದಲು ಹುಡುಕುವುದು ಹೀಗೆ ಬಾಗಿಲು ತೆರೆದಿಟ್ಟ ಶೇರ್ ಫೋಲ್ಡರನ್ನೇ.

ಊಟದ ನಂತರದ ಇಡೀ ಹೊತ್ತು ಕಾಟಾ ರೂಮಿಗೆ ಹೋಯಿತು. ಹೋಗಬೇಕಾದದ್ದೇ. ಮಿಲ್ಲಿನವರು ಹೊಸ ಪಿಸಿ ತರುವಾಗ ಪ್ರೊಸೆಸರ್, ರ‍್ಯಾಮ್ ಕೇಳುತ್ತಾರೆ. ಸೀರಿಯಲ್ ಪೋರ್ಟ್ ಇದೆಯೇ ಎಂದು ಕೇಳುವುದಿಲ್ಲ. ವೇಬ್ರಿಜ್ಜಿನ ಇಂಡಿಕೇಟರ್ (ತೂಕದ ಅಂಕಿ ತೋರಿಸುವ ಡಬ್ಬಿ) ತೂಕ ಕಳಿಸುವುದು ಒಂಬತ್ತು ಪಿನ್ನಿನ ಆ ಪೋರ್ಟಿನಿಂದಲೇ. ಹಳೆಯ ಡಬ್ಬದ ವೈರ್ ಕೀಳುವ ಮೊದಲು ಅದರ ಕಾಟಾ ಸಾಫ್ಟ್‌ವೇರಿನ ಸೆಟ್ಟಿಂಗ್ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಬೇಕು: ಪೋರ್ಟ್ ನಂಬರ್, ಬಾಡ್ ರೇಟ್ (ಅಂಕಿ ಕಳಿಸುವ ವೇಗ), ಡೇಟಾ ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಗುರುತು), ಸ್ಟಾಪ್ ಬಿಟ್. ಒಂದೊಂದು ಇಂಡಿಕೇಟರಿನದು ಒಂದೊಂದು ಥರ, ಊಹೆಯಿಂದ ಹಾಕುವಂಥದ್ದಲ್ಲ. ಇಂಡಿಕೇಟರಿನ ಸೀಲ್ ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು. ಅದು ಕಾನೂನು ಮಾಪನ ಇಲಾಖೆಯ ಮುದ್ರೆ, ವರ್ಷಕ್ಕೊಮ್ಮೆ ಪರಿಶೀಲನೆ ಆಗಬೇಕಾದದ್ದು. ಪಿಸಿ ಬದಲಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಣ್ಣ ಪಿಸಿಗೆ ಯುಎಸ್‌ಬಿ-ಸೀರಿಯಲ್ ಕೇಬಲ್ ಹಾಕಿದೆವು. ಕಾಟಾ ನೋಡಿಕೊಳ್ಳುವ ಹುಡುಗ ಪರದೆ ನೋಡುತ್ತಿದ್ದ. "ಸರ, ತೂಕಾನ ಬರವಲ್ದ್ರಿ, ಸೊನ್ನೀನೂ ತೋರ್ಸವಲ್ದು." ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು. ಪಿಎಲ್2303 ಎಚ್‌ಎಕ್ಸ್‌ಎ ಚಿಪ್ 2012ರಿಂದ ನಿಂತಿದೆ, ಮಾರಿದವರನ್ನು ವಿಚಾರಿಸಿ ಎಂಬ ಅರ್ಥದ ಸಾಲು ಅಲ್ಲಿ ಬಂದಿತ್ತು. ಅಗ್ಗದ ಕೇಬಲ್ಲುಗಳಲ್ಲಿ ಇರುವುದು ಇದೇ ಹಳೆಯ ಚಿಪ್ ಅಥವಾ ಅದರ ನಕಲಿ; ಆ ಚಿಪ್ ಮಾಡುವ ಪ್ರೊಲಿಫಿಕ್ ಕಂಪನಿಯ ಹೊಸ ಡ್ರೈವರ್ (ಚಿಪ್ಪನ್ನು ವಿಂಡೋಸಿನ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಅವನ್ನು ಗುರುತಿಸಿದರೂ ಕೆಲಸ ಮಾಡಲು ಬಿಡುವುದಿಲ್ಲ. ಹಳೆಯ ಡ್ರೈವರಿಗೆ ಹಿಂದೆ ಸರಿದರೆ ಅಂದಿಗೆ ನಡೆಯುತ್ತದೆ, ಆದರೆ ವಿಂಡೋಸ್ ಅಪ್‌ಡೇಟ್ ಹೊಸ ಡ್ರೈವರನ್ನು ಮತ್ತೆ ತಂದು ಕೂರಿಸಬಹುದು. ಭತ್ತದ ಟ್ರ್ಯಾಕ್ಟರುಗಳು ಸಾಲು ನಿಂತ ದಿನ ಹಾಗಾದರೆ ಗತಿಯೇನು? ಎಫ್‌ಟಿಡಿಐ ಎಂಬ ಬೇರೆ ಕಂಪನಿಯ ಚಿಪ್ಪಿನ ಕೇಬಲ್ ಹಾಕಿದ ಮೇಲೆ ಪೋರ್ಟ್ ಸರಿಯಾಗಿ ಕಂಡಿತು.

ಕಾಟಾ ಸಾಫ್ಟ್‌ವೇರ್ ಹಾಕುವ ಮೊದಲೇ ಪುಟ್ಟಿ ಎಂಬ ಸಣ್ಣ ಪ್ರೋಗ್ರಾಮಿನಲ್ಲಿ ಆ ಪೋರ್ಟ್ ತೆರೆದು ನೋಡುವುದು ಒಳ್ಳೆಯದು. ಅಂಕಿ ನೆಟ್ಟಗೆ ಹರಿದು ಬಂದರೆ ಕೇಬಲ್ ಸರಿ. ಅರ್ಥವಿಲ್ಲದ ಅಕ್ಷರ ಬಂದರೆ ಬಾಡ್ ರೇಟ್ ಅಥವಾ ಪ್ಯಾರಿಟಿ ತಾಳೆಯಾಗಿಲ್ಲ. ಏನೂ ಬಾರದಿದ್ದರೆ 2 ಮತ್ತು 3ನೇ ಪಿನ್ ಅದಲುಬದಲಾಗಿರಬಹುದು, ಇಲ್ಲವೇ 5ನೇ ಪಿನ್ನಿನ ಗ್ರೌಂಡ್ ಬೆಸುಗೆ ಬಿಟ್ಟಿರಬಹುದು. ಹಳೆಯ ಕಾಟಾ ಸಾಫ್ಟ್‌ವೇರುಗಳು ಕಾಮ್ 1ರಿಂದ 4ರವರೆಗಿನ ಪೋರ್ಟುಗಳನ್ನು ಮಾತ್ರ ಹುಡುಕುವುದುಂಟು. ಯುಎಸ್‌ಬಿ ಕೇಬಲ್ ಕಾಮ್ 7 ಎಂದು ಕೂತರೆ ಪೋರ್ಟ್ ಸೆಟ್ಟಿಂಗಿನ ಅಡ್ವಾನ್ಸ್ಡ್ ಒಳಗೆ ನಂಬರ್ ಬದಲಿಸಬೇಕು. ಸಾಫ್ಟ್‌ವೇರಿಗೆ ಡಾಟ್‌ನೆಟ್ 3.5 ಎಂಬ ವಿಂಡೋಸಿನ ಪೂರಕ ಭಾಗ ಬೇಕಿತ್ತು, ಅದನ್ನು ವಿಂಡೋಸ್ ಫೀಚರ್ಸಿನಲ್ಲಿ ಆನ್ ಮಾಡಿದೆವು. ಹೊಸ ವಿಂಡೋಸಿನ ರೀಜನ್ ಅಮೆರಿಕ ಎಂದಿದ್ದರೆ ತಿಂಗಳು ಮೊದಲು, ದಿನ ಆಮೇಲೆ ಬರುತ್ತದೆ. ನವೆಂಬರ್ 12ರ ಚೀಟಿ ಡಿಸೆಂಬರ್ 11ಕ್ಕೆ ಹೋಗಿ ಕೂರುತ್ತದೆ, 13ರ ಚೀಟಿ ಎರರ್ ಕೊಡುತ್ತದೆ. ರೀಜನ್ ಭಾರತ ಎಂದು ಮಾಡಿದ ಮೇಲೆಯೇ ಹಳೆಯ ಡೇಟಾ ಫೈಲನ್ನು ತಂದು ಹಾಕಿದೆವು.

ಎಲ್ಲಕ್ಕಿಂತ ಅಪಾಯದ್ದು ಪೋರ್ಟ್ ನಿದ್ದೆ ಹೋಗುವುದು. ಕರೆಂಟು ಉಳಿಸಲೆಂದು ವಿಂಡೋಸ್ ಯುಎಸ್‌ಬಿಯನ್ನು ಮಲಗಿಸುತ್ತದೆ. ಆಗ ಕೆಲವು ಸಾಫ್ಟ್‌ವೇರುಗಳ ಪರದೆಯಲ್ಲಿ ಹಿಂದಿನ ಗಾಡಿಯ ತೂಕ ಹಾಗೇ ನಿಂತಿರುತ್ತದೆ. ಮುಂದಿನ ರೈತನ ಟ್ರ್ಯಾಕ್ಟರಿಗೆ ಆ ತೂಕದ ಚೀಟಿ ಹರಿದುಕೊಟ್ಟರೆ, 75 ಕೆಜಿ ಚೀಲದ ಲೆಕ್ಕದಲ್ಲಿ ರೇಟು ನಡೆಯುವ ಈ ಸೀಮೆಯಲ್ಲಿ ಒಂದೇ ಚೀಟಿಯಲ್ಲಿ ಎಷ್ಟೋ ಚೀಲ ಆಚೀಚೆ. ಆರು ತಿಂಗಳ ದುಡಿಮೆ ಆ ಚೀಟಿಯ ಮೇಲೆ ನಿಂತಿರುತ್ತದೆ, ಇದರಲ್ಲಿ ಉದಾಸೀನ ಸಲ್ಲದು. ಪವರ್ ಪ್ಲಾನಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಆ ಕೇಬಲ್ಲಿನ ಮತ್ತು ಯುಎಸ್‌ಬಿ ಹಬ್ಬುಗಳ ಪವರ್ ಮ್ಯಾನೇಜ್‌ಮೆಂಟ್ ಟಿಕ್ ತೆಗೆಯಬೇಕು. ಪಿಸಿಯ ಸ್ಲೀಪ್ ಬಂದ್ ಮಾಡಬೇಕು. ಆಮೇಲೆ ಒಂದು ಗಂಟೆ ಸುಮ್ಮನೆ ಬಿಟ್ಟು, ಒಂದು ಖಾಲಿ ಟ್ರ್ಯಾಕ್ಟರ್ ಹತ್ತಿಸಿ, ಇಳಿಸಿ, ಮತ್ತೊಂದು ಗಾಡಿ ಹತ್ತಿಸಿ, ಇಂಡಿಕೇಟರಿನ ಕೆಂಪು ಅಂಕಿಗೂ ಚೀಟಿಯ ಅಂಕಿಗೂ ಒಂದು ಕಿಲೋ ವ್ಯತ್ಯಾಸವೂ ಇಲ್ಲವೆಂದು ಖಾತ್ರಿ ಮಾಡಿಕೊಂಡೆವು. ಹುಡುಗನಿಗೆ ಹೇಳಿದ್ದು ಇಷ್ಟೇ: "ಚೀಟಿ ಹರಿಯೂಕಿಂತ ಮೊದ್ಲ ಡಬ್ಬಿ ಮ್ಯಾಲಿನ ಅಂಕಿ ಒಮ್ಮೆ ನೋಡ್ಕೋ ತಮ್ಮಾ."

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹೆಚ್ಚು ಕಾಡಲಿಲ್ಲ. ಯುಎಸ್‌ಬಿ ಇರುವ ಮಾದರಿಯಾದ್ದರಿಂದ ಕಾಗದದ ಅಳತೆಯನ್ನು ಪ್ರಿಂಟ್ ಸರ್ವರ್ ಪ್ರಾಪರ್ಟೀಸಿನಲ್ಲಿ ಸೇರಿಸಿ, ಡಿಫಾಲ್ಟ್ ಪ್ರಿಂಟರನ್ನು ವಿಂಡೋಸೇ ಆರಿಸುವ ಆಯ್ಕೆ ತೆಗೆದರೆ ಸಾಕಾಯಿತು. ಡಿಜಿಟಲ್ ಸಹಿಯ ಟೋಕನ್ನಿಗೆ ಹೊಸ ಡ್ರೈವರ್ ಬೇಕಾಯಿತು. ಹಳೆಯದನ್ನು ವಿಂಡೋಸ್ 11ರ ಮೆಮರಿ ಇಂಟೆಗ್ರಿಟಿ ಎಂಬ ರಕ್ಷಣೆ ತಡೆಯುತ್ತದೆ. ಡ್ರೈವರಿಗಾಗಿ ಆ ರಕ್ಷಣೆಯನ್ನು ಆಫ್ ಮಾಡುವ ಬದಲು ಟೋಕನ್ ಕಂಪನಿಯ ಹೊಸ ಡ್ರೈವರ್ ಹುಡುಕಿ ಹಾಕಬೇಕು.

ಇ-ವೇ ಬಿಲ್ಲಿಗೆ 2025ರ ಏಪ್ರಿಲ್ 1ರಿಂದ ಎಲ್ಲ ವ್ಯಾಪಾರಿಗಳಿಗೂ ಪಾಸ್‌ವರ್ಡಿನ ಜೊತೆ ಒಟಿಪಿ ಕಡ್ಡಾಯ. ಆ ಒಟಿಪಿ ಸಾವ್ಕಾರ್ರ ಮೊಬೈಲಿಗೆ ಹೋಗುತ್ತದೆ, ಲಾರಿ ಹೊರಡುವುದು ರಾತ್ರಿ. ಅವರನ್ನು ಎಬ್ಬಿಸುವುದು, ಇಲ್ಲವೇ ಅವರ ಮೊಬೈಲನ್ನೇ ಆಫೀಸಿನಲ್ಲಿ ಬಿಟ್ಟು ಹೋಗುವುದು, ಎರಡೂ ಬೇಡ. ಪೋರ್ಟಲಿನಲ್ಲೇ ಗುಮಾಸ್ತರ ಹೆಸರಿನಲ್ಲಿ, ಅವರದೇ ಮೊಬೈಲ್ ನಂಬರಿನಲ್ಲಿ ಸಬ್-ಯೂಸರ್ ಮಾಡಿ, ಇ-ವೇ ಬಿಲ್ ತೆಗೆಯುವಷ್ಟೇ ಅಧಿಕಾರ ಕೊಟ್ಟೆವು. ಎಸ್‌ಎಂಎಸ್ ತಡವಾಗುವ ಕಡೆ ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಆ್ಯಪ್ ಹಾಕಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಒಟಿಪಿ ಸಿಗುತ್ತದೆ. ಅದಕ್ಕೆ ಮೊಬೈಲಿನ ಗಡಿಯಾರ ಸರಿಯಿರಬೇಕು.

ಕಾಟಾ ರೂಮಿನ ಪಿಸಿಗೆ ಹೊಸದಾಗಿ ವಿಂಡೋಸ್ ಹಾಕಿದ್ದರಿಂದ ಮೈಕ್ರೋಸಾಫ್ಟ್ ಅಕೌಂಟ್ ಕೇಳಿತು. ಅಲ್ಲಿ ಸರ್ವಿಸ್ ಮಾಡುವವನ ಮೇಲ್ ಐಡಿ ಹಾಕುವ ರೂಢಿ ನಿಲ್ಲಬೇಕು. 24ಎಚ್2ರಿಂದ ಈಚೆಗೆ ಹೀಗೆ ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ (ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ), ಅದರ 48 ಅಂಕಿಯ ರಿಕವರಿ ಕೀ ಅದೇ ಅಕೌಂಟಿಗೆ ಹೋಗುತ್ತದೆ. ಬಯಾಸಿನಲ್ಲಿ ಏನಾದರೂ ಬದಲಾದರೆ ಮುಂದಿನ ಸಲ ಅದನ್ನೇ ಕೇಳಬಹುದು. ಮಿಲ್ಲಿನ ಹೆಸರಿನ ಮೇಲ್ ಐಡಿಯನ್ನೇ ಕೊಟ್ಟು, ಕೀ ಪ್ರಿಂಟ್ ತೆಗೆದು ಲೈಸೆನ್ಸ್ ಕಾಗದಗಳ ಜೊತೆ ತಿಜೋರಿಯಲ್ಲಿ ಇಡಿಸಿದೆವು.

ಆ ಕೀ ಬೇಗನೆ ಬೇಕಾಗಲೂಬಹುದು. ಬೂಟ್ ಸಾಫ್ಟ್‌ವೇರ್ ಅಸಲಿಯೇ ಎಂದು ಗುರುತಿಸುವ ಸೆಕ್ಯೂರ್ ಬೂಟಿನ 2011ರ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ, ಬದಲಿಗೆ 2023ರವು ಬರಬೇಕು. ಅವಧಿ ಮುಗಿದರೂ ಕಂಪ್ಯೂಟರ್ ಏಳುತ್ತದೆ, ಆದರೆ ಬೂಟ್ ಹಂತದ ಹೊಸ ರಕ್ಷಣೆ ಸಿಗುವುದಿಲ್ಲ. ಹೊಸ ಸರ್ಟಿಫಿಕೇಟ್ ಮಾಸಿಕ ಅಪ್‌ಡೇಟಿನ ಜೊತೆಗೇ ಬರುವುದರಿಂದ ಅಪ್‌ಡೇಟನ್ನು ತಡೆಹಿಡಿದಿಟ್ಟಿದ್ದರೆ ಆ ತಡೆ ತೆಗೆಯಬೇಕು. ಕೆಲವು ಬೋರ್ಡುಗಳಿಗೆ ತಯಾರಕರ ಬಯಾಸ್ ಅಪ್‌ಡೇಟೂ ಬೇಕಾಗುತ್ತದೆ. ಅದನ್ನು ಹಾಕುವ ದಿನವೂ ಮಿಲ್ ನಿಂತಿರಬೇಕು, ಯುಪಿಎಸ್ ಗಟ್ಟಿಯಿರಬೇಕು, ಕೀ ಕೈಯಲ್ಲಿರಬೇಕು.