ಉಬ್ಬಿದ ಪುಟ, ಸುಮ್ಮನಿರುವ ಅಲರ್ಟ್

ಪುಟದ ಗಾತ್ರ ಮಿತಿಮೀರಿದಾಗ ಅಲರ್ಟ್ (ಎಚ್ಚರಿಕೆ ಸಂದೇಶ) ಬರುವಂತೆ ಮಾಡುವುದು ಹೇಗೆ ಎಂಬುದು ಇಲ್ಲಿನ ವಿಷಯ. ಅಡಿಕೆ ವಹಿವಾಟಿನ ತಂತ್ರಾಂಶದಲ್ಲಿ ಪುಟ ಉಬ್ಬುವುದು ಹೆಚ್ಚಾಗಿ ಸದಸ್ಯರ ಖಾತೆ ವಿವರದಲ್ಲಿ. ಏಪ್ರಿಲ್ 1ಕ್ಕೆ ಖಾಲಿ ಇದ್ದದ್ದು ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆ ಬಗೆಗಳ ಲಾಟಿಗೊಂದು ಸಾಲು ಸೇರಿ ಮಾರ್ಚ್ ಹೊತ್ತಿಗೆ ಉದ್ದವಾಗಿರುತ್ತದೆ. ಪೇಜಿನೇಷನ್ (ಸಾಲುಗಳನ್ನು ಪುಟಪುಟವಾಗಿ ಹಂಚುವುದು) ಇಲ್ಲದಿದ್ದರೆ ಅಷ್ಟೂ ಒಂದೇ ಸಲ ಬರುತ್ತದೆ. ಪಹಣಿಯ ಸ್ಕ್ಯಾನನ್ನು ಬೇಸ್64 ಮಾಡಿ (ಅಕ್ಷರರೂಪಕ್ಕೆ ಬದಲಿಸಿ) ಜೇಸನ್ (ಸರ್ವರ್ ಮಾಹಿತಿ ಕಳಿಸುವ ಪಠ್ಯರೂಪ) ಒಳಗೆ ತುರುಕಿದ್ದರೆ ಅದರ ಗಾತ್ರ ಮೂರನೇ ಒಂದು ಪಾಲು ಏರುತ್ತದೆ. ಶಿವಮೊಗ್ಗದ ಕಚೇರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಹೊಸನಗರದ ಶಾಖೆಯಲ್ಲಿ ಮಳೆಗೆ ಲಿಂಕ್ 2 ಎಂಬಿಪಿಎಸ್‌ಗೆ (ಸೆಕೆಂಡಿಗೆ 2 ಮೆಗಾಬಿಟ್) ಇಳಿದರೆ 5 ಎಂಬಿ (40 ಮೆಗಾಬಿಟ್) ಪುಟಕ್ಕೆ ಕನಿಷ್ಠ 20 ಸೆಕೆಂಡ್ ಬೇಕು.

ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ನ ಲಾಗ್‌ನಲ್ಲಿ (ವಿನಂತಿಗಳ ದಾಖಲೆ) ಬರುವ 'ಬಾಡಿ ಬೈಟ್ಸ್ ಸೆಂಟ್' (ಕಳಿಸಿದ ಬೈಟ್‌ಗಳು) ಒಂದನ್ನೇ ನಂಬಬೇಡಿ. ಅದು ಜಿಜಿಪ್ (ಗಾತ್ರ ಕುಗ್ಗಿಸುವಿಕೆ) ಆದ ಮೇಲಿನ ಲೆಕ್ಕ. ಬ್ರೌಸರ್ ಬಿಚ್ಚಿಕೊಳ್ಳಬೇಕಾದ ಭಾರ ಅದರಲ್ಲಿ ಕಾಣುವುದಿಲ್ಲ. 'ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಲೆಂತ್' (ಹಿಂದಿರುವ ಆ್ಯಪ್ ಸರ್ವರ್ ಕೊಟ್ಟ ಉತ್ತರದ ಗಾತ್ರ) ಕೂಡ ಬರೆಸಿ. (ಆ್ಯಪ್ ಸರ್ವರೇ ಜಿಜಿಪ್ ಮಾಡುತ್ತಿದ್ದರೆ ಅದೂ ಸಂಕುಚಿತ ಗಾತ್ರವೇ.) ಇನ್ನೊಂದು ಪೇಚು: ಕಾದು ಬೇಸತ್ತ ಗುಮಾಸ್ತರು ಅರ್ಧಕ್ಕೇ ಟ್ಯಾಬ್ ಮುಚ್ಚಿದರೆ ಲಾಗ್‌ನಲ್ಲಿ ಬೀಳುವುದು ಅಲ್ಲಿಯವರೆಗೆ ಕಳಿಸಿದ ಬೈಟ್‌ಗಳು ಮಾತ್ರ, ಸ್ಟೇಟಸ್ 200 (ಯಶಸ್ವಿ). ಒಂದು ಬೈಟೂ ಹೋಗಿರದಿದ್ದರೆ ಮಾತ್ರ 499 (ಬ್ರೌಸರ್ ಸಂಪರ್ಕ ಕಡಿದದ್ದು). ಹಾಗಾಗಿ ಅತಿ ಕೆಟ್ಟ ಪುಟವೇ ಚಿಕ್ಕದಾಗಿ ಕಾಣುತ್ತದೆ. 'ರಿಕ್ವೆಸ್ಟ್ ಕಂಪ್ಲೀಶನ್' ಕೂಡ ಲಾಗ್‌ಗೆ ಸೇರಿಸಿ. ಪೂರ್ತಿಯಾಗದ ವಿನಂತಿಗಳಲ್ಲಿ ಅದು ಖಾಲಿ ಇರುತ್ತದೆ.

ಅಳತೆಗಳನ್ನು ಕೂಡಿಟ್ಟು ಅಲರ್ಟ್ ನಿಯಮ ನಡೆಸುವ ಪ್ರೊಮಿಥಿಯಸ್‌ನಲ್ಲಿ ಬಕೆಟ್‌ಗಳನ್ನು (ಇಂತಿಷ್ಟು ಗಾತ್ರದವರೆಗಿನ ಪುಟಗಳ ಎಣಿಕೆ) ನೋಡದೆ ನಿಯಮ ಬರೆಯುವುದು ವ್ಯರ್ಥ. ಕೊನೆಯ ಬಕೆಟ್ 1 ಎಂಬಿ ಆಗಿದ್ದರೆ 40 ಎಂಬಿ ಪುಟಗಳು ಬಂದರೂ ಹಿಸ್ಟೋಗ್ರಾಮ್ ಕ್ವಾಂಟೈಲ್ (ಬಕೆಟ್ ಎಣಿಕೆಯಿಂದ ಪರ್ಸೆಂಟೈಲ್, ಅಂದರೆ ಶೇಕಡಾ ಇಂತಿಷ್ಟು ಪುಟಗಳು ಇದರೊಳಗಿವೆ ಎಂಬ ಗಾತ್ರ, ಅಂದಾಜಿಸುವ ಲೆಕ್ಕ) 1 ಎಂಬಿ ಎಂದೇ ಹೇಳುತ್ತದೆ. '1 ಎಂಬಿಗಿಂತ ಹೆಚ್ಚು' ಅನ್ನುವ ಅಲರ್ಟ್ ಎಂದೂ ಬರುವುದಿಲ್ಲ. ಮಿತಿಯಾಗಿ ಇಟ್ಟ ಸಂಖ್ಯೆಯೇ ಒಂದು ಬಕೆಟ್‌ನ ಅಂಚಾಗಿರಲಿ, ಅದರ ಮೇಲೂ ಎರಡು ಬಕೆಟ್ ಇರಲಿ.

ಜಿಜಿಪ್‌ಗೆ ಮುಂಚಿನ ಗಾತ್ರಕ್ಕೆ 500 ಕೆಬಿ ದಾಟಿದರೆ ಎಚ್ಚರಿಕೆ, 2 ಎಂಬಿ ದಾಟಿದರೆ ತುರ್ತು ಎಂದು ಶುರು ಮಾಡಬಹುದು. ಮಿತಿಯನ್ನು ರೂಟ್‌ವಾರು (ಪ್ರತಿ ಬಗೆಯ ಪುಟದ ವಿಳಾಸಕ್ಕೆ ಬೇರೆಬೇರೆ) ಇಡಿ. ಪಿಡಿಎಫ್, ಎಕ್ಸೆಲ್ ಡೌನ್‌ಲೋಡ್‌ಗಳನ್ನು ಕೈಬಿಡಿ, ಇಲ್ಲದಿದ್ದರೆ ತಿಂಗಳ ಕೊನೆಯಲ್ಲಿ ಫೋನ್ ಸುಮ್ಮನಿರುವುದಿಲ್ಲ.

ದಿನಕ್ಕೆ ನಾಲ್ಕೈದು ಸಲ ಮಾತ್ರ ತೆರೆಯುವ ವರದಿಗೆ 5 ನಿಮಿಷದ ಪರ್ಸೆಂಟೈಲ್ ಕೆಲಸಕ್ಕೆ ಬಾರದು. ಒಟ್ಟು ಎಣಿಕೆಯಿಂದ 2 ಎಂಬಿ ಬಕೆಟ್‌ನ ಎಣಿಕೆ ಕಳೆದು, ಕಳೆದ 1 ಗಂಟೆಯಲ್ಲಿ ಸೊನ್ನೆಗಿಂತ ಹೆಚ್ಚಾಯಿತೇ ಎಂದು ನೋಡಿ. ಅಲರ್ಟ್ ಸಂದೇಶದಲ್ಲಿ ರೂಟ್, ಶಾಖೆ ಸಾಕು. ಸದಸ್ಯರ ಸಂಖ್ಯೆ ಇರುವ ಪೂರ್ತಿ ವಿಳಾಸವನ್ನು ವಾಟ್ಸ್ಆ್ಯಪ್ ಗುಂಪಿಗೆ ಕಳಿಸಬೇಡಿ.